ಮುಂಬೈ ಮ್ಯಾರಥಾನ್‌ಗೆ ಟೂರ್ ಪ್ಯಾಕೇಜ್ ತಗೊಳ್ಳಬೇಕಾ? ಎರಡು ವರ್ಷ ಓಡಿದ ಮೇಲೆ ನನ್ನ ಉತ್ತರ

ಹೊರ ಊರಿನಿಂದ ಮುಂಬೈ ಮ್ಯಾರಥಾನ್‌ಗೆ ಬರುವವರಿಗೆಂದೇ ಪ್ಯಾಕೇಜ್ ಮಾರುವವರಿದ್ದಾರೆ. ಎರಡು ರಾತ್ರಿ ಹೋಟೆಲ್, ಓಟಗಾರರ ನಂಬರ್ ಚೀಟಿ ಹಂಚುವ ಎಕ್ಸ್‌ಪೋಗೆ ಬಸ್, ಓಟದ ದಿನ ಸ್ಟಾರ್ಟ್‌ಗೆ ಬಸ್, ಒಬ್ಬ ಕೋಚ್, ಊಟ, ಓಡಿ ಬಂದ ಮೇಲೆ ಮಸಾಜ್. 2024ರ ಜನವರಿಯಲ್ಲಿ ನಾನು ಅಂಥದ್ದೊಂದು ತಗೊಂಡಿದ್ದೆ. ಅದು ನನ್ನ ಮೊದಲ ಫುಲ್ ಮ್ಯಾರಥಾನ್. ಒಂದು ರೂಮಿಗೆ ಇಬ್ಬರಂತೆ ತಲೆಗೆ 18,500 ರೂಪಾಯಿ ಆಯಿತು. ಓಟದ ಪ್ರವೇಶ ಶುಲ್ಕ ಬೇರೆ, ರೈಲು ಟಿಕೆಟ್ ಬೇರೆ. 2025ರಲ್ಲಿ ಪ್ಯಾಕೇಜ್ ಬಿಟ್ಟು, ನಾನು ಮತ್ತು ಇಬ್ಬರು ಗೆಳೆಯರು ಎಲ್ಲವನ್ನೂ ನಾವೇ ನೋಡಿಕೊಂಡೆವು.

ಆ ಪ್ಯಾಕೇಜ್‌ಗೆ ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಜನ ಒಳ್ಳೆಯವರು, ಮೋಸ ಮಾಡಲಿಲ್ಲ, ಹೇಳಿದ್ದೆಲ್ಲ ಕೊಟ್ಟರು. ಆದರೆ ಓಡುವವನಿಗೆ ಯಾವುದು ಮುಖ್ಯವೋ ಅದೇ ತಪ್ಪಿತ್ತು. ಹೋಟೆಲ್ ಎಲ್ಲಿದೆ ಅನ್ನುವುದು.

ಈ ಓಟ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. 2004ರಲ್ಲಿ ಶುರುವಾಗಿದ್ದು. ಫುಲ್ ಮ್ಯಾರಥಾನ್ ಹೊರಡುವುದು ದಕ್ಷಿಣ ಮುಂಬೈಯ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಎದುರಿನಿಂದ, ಬೆಳಗಿನ ಜಾವ 5 ಗಂಟೆಗೆ. ಜನವರಿಯಲ್ಲಿ ಮುಂಬೈಯಲ್ಲಿ ಸೂರ್ಯ ಹುಟ್ಟುವುದು ಏಳೂಕಾಲರ ಹೊತ್ತಿಗೆ, ಅಂದರೆ ಎರಡು ಗಂಟೆ ಕತ್ತಲಲ್ಲೇ ಓಡುತ್ತೀರಿ. ಇದು ವರ, ಯಾಕೆಂದರೆ ಎಂಟು ಗಂಟೆಯ ಮೇಲೆ ಅಲ್ಲಿನ ಬಿಸಿಲು, ಕಡಲ ಕಡೆಯ ಬೆವರು ಏನೆಂದು ನಮಗೆ ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ 5ಕ್ಕೆ ಸ್ಟಾರ್ಟ್ ಅಂದರೆ ಓಟಗಾರರು ಸೇರುವ ಹೋಲ್ಡಿಂಗ್ ಏರಿಯಾದಲ್ಲಿ ನಾಲ್ಕೂಕಾಲಿಗಾದರೂ ಇರಬೇಕು. ಬ್ಯಾಗ್ ಕೊಡಬೇಕು, ಟಾಯ್ಲೆಟ್ ಸಾಲಲ್ಲಿ ನಿಲ್ಲಬೇಕು. ಹೊಟ್ಟೆಗೆ ಏನಾದರೂ ಹಾಕಿಕೊಂಡು ಎರಡು ಗಂಟೆಯಾದರೂ ಆಗಿರಬೇಕು. ಲೆಕ್ಕ ಹಾಕಿ ನೋಡಿ. ಹೋಟೆಲ್ ಹತ್ತಿರವಿದ್ದರೂ ಮೂರರ ಹೊತ್ತಿಗೆ ಏಳಲೇಬೇಕು. ದೂರವಿದ್ದರೆ?

ನಮ್ಮ ಹೋಟೆಲ್ ಇದ್ದದ್ದು ಅಂಧೇರಿಯಲ್ಲಿ, ಏರ್‌ಪೋರ್ಟ್ ಪಕ್ಕ. ರೂಮು ಚೆನ್ನಾಗಿತ್ತು, ಮೆತ್ತನೆ ಹಾಸಿಗೆ, ಬಿಸಿನೀರು, ಎಲ್ಲ. ಅಲ್ಲಿಂದ ಸಿಎಸ್‌ಎಂಟಿ ಇಪ್ಪತ್ತು ಕಿಲೋಮೀಟರ್ ದಾಟುತ್ತದೆ. ಬಸ್ ಎರಡೂಮುಕ್ಕಾಲಿಗೆ ಹೊರಡುತ್ತದೆ ಅಂದರು. ಎರಡು ಗಂಟೆಗೆ ಎದ್ದೆ. ಮೂರೂ ಹತ್ತಾದರೂ ಬಸ್ ಇಲ್ಲ. ಧಾರವಾಡದಿಂದ ಬಂದಿದ್ದ ಹಿರಿಯರೊಬ್ಬರು ಲಾಬಿಯಲ್ಲಿ ಅತ್ತಿಂದಿತ್ತ ನಡೆಯುತ್ತ, "ಏನ್ರೀ, ಓಡೂದು ಐದಕ್ಕ ಐತಿ, ಬಸ್ಸು ಇನ್ನೂ ಬಂದಿಲ್ಲಲ್ರೀ" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಅವರ ಮುಖದಲ್ಲಿದ್ದ ಆತಂಕ ನನಗೆ ಇನ್ನೂ ನೆನಪಿದೆ. ಆರು ತಿಂಗಳು ತಯಾರಿ ಮಾಡಿ ಬಂದ ಮನುಷ್ಯ ಅವರು. ಬಸ್ ಕೊನೆಗೂ ಬಂತು, ಆದರೆ ಅಷ್ಟರಲ್ಲಿ ದಕ್ಷಿಣ ಮುಂಬೈಯ ರಸ್ತೆಗಳು ಬಂದ್ ಆಗಿದ್ದವು. ಓಟಕ್ಕಾಗಿ ರಸ್ತೆ ಮುಚ್ಚುತ್ತಾರೆ ಅನ್ನುವುದು ಮೊದಲೇ ಗೊತ್ತಿರುವ ವಿಷಯ, ಅಲ್ವಾ? ಡ್ರೈವರ್‌ಗೆ ಯಾರೂ ಹೇಳಿರಲಿಲ್ಲ. ಒಂದೂವರೆ ಕಿಲೋಮೀಟರ್ ದೂರದಲ್ಲಿ ಇಳಿಸಿದರು. ನಾವು ಅಲ್ಲಿಂದಲೇ ಓಡಿದೆವು. ಟಾಯ್ಲೆಟ್‌ಗೆ ಹೋಗಲು ಸಮಯ ಸಿಗಲಿಲ್ಲ. ಸ್ಟಾರ್ಟ್ ಲೈನ್ ದಾಟುವಾಗಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅದು ಖುಷಿಗಲ್ಲ.

2025ರಲ್ಲಿ ಫೋರ್ಟ್‌ನಲ್ಲಿ ಒಂದು ಸಾದಾ ಲಾಡ್ಜ್ ಹಿಡಿದೆವು. ಮೂವರಿಗೆ ಒಂದೇ ರೂಮು. ಗೋಡೆಯ ಬಣ್ಣ ಎದ್ದಿತ್ತು, ಕಿಟಕಿಯಿಂದ ರಸ್ತೆಯ ಸದ್ದು ಬರುತ್ತಿತ್ತು. ಆದರೆ ಮೂರಕ್ಕೆ ಎದ್ದು, ಬ್ರೆಡ್ಡು ಬಾಳೆಹಣ್ಣು ತಿಂದು, ಸಾವಕಾಶ ಶೂ ಕಟ್ಟಿಕೊಂಡು, ನಾಲ್ಕಕ್ಕೆ ಹೊರಟು ಹನ್ನೆರಡು ನಿಮಿಷ ನಡೆದರೆ ಸ್ಟಾರ್ಟ್. ಆ ಹನ್ನೆರಡು ನಿಮಿಷದ ನಡಿಗೆ ನನಗೆ ಇಡೀ ಪ್ರವಾಸದಲ್ಲೇ ತುಂಬ ಇಷ್ಟವಾದ ಹೊತ್ತು. ಖಾಲಿ ರಸ್ತೆ, ದೀಪ ಹಾಕಿದ ಹಳೆಯ ಕಲ್ಲಿನ ಕಟ್ಟಡಗಳು, ಒಂದೊಂದು ಗಲ್ಲಿಯಿಂದಲೂ ಎದೆಗೆ ಬಿಬ್, ಅಂದರೆ ಓಟದ ನಂಬರ್ ಚೀಟಿ, ಚುಚ್ಚಿಕೊಂಡ ಇಬ್ಬರು ಮೂವರು ಬಂದು ಸೇರುತ್ತಿದ್ದರು. ಫೋರ್ಟ್, ಕೊಲಾಬಾ, ಚರ್ಚ್‌ಗೇಟ್, ಮರೀನ್ ಲೈನ್ಸ್, ಈ ನಾಲ್ಕರಲ್ಲಿ ಎಲ್ಲಿ ರೂಮು ಸಿಕ್ಕರೂ ಸರಿ. ಹೆಸರು ನೋಂದಾಯಿಸಿದ ವಾರವೇ ಬುಕ್ ಮಾಡಿ. ನೋಂದಣಿ ಮಳೆಗಾಲದಲ್ಲೇ ಶುರುವಾಗುತ್ತದೆ. ಡಿಸೆಂಬರ್ ತನಕ ಕಾದರೆ ಹತ್ತಿರದ ಸಣ್ಣ ಲಾಡ್ಜ್‌ಗಳೆಲ್ಲ ತುಂಬಿರುತ್ತವೆ.

ಒಂದು ವಿಷಯ. ಹಾಫ್, ಅಂದರೆ ಅರ್ಧ ಮ್ಯಾರಥಾನ್ ಓಡುವವರಿಗೆ ಈ ಲೆಕ್ಕ ಬೇರೆ. ನಾನು ಹೋದ ವರ್ಷಗಳಲ್ಲಿ ಹಾಫ್ ಹೊರಡುತ್ತಿದ್ದದ್ದು ಮಾಹಿಮ್‌ನಿಂದ, ಮುಗಿಯುತ್ತಿದ್ದದ್ದು ಸಿಎಸ್‌ಎಂಟಿ ಕಡೆ. ಅವರಿಗೆ ದಾದರ್, ಮಾಹಿಮ್, ಬಾಂದ್ರಾ ಹತ್ತಿರ. ನಮ್ಮ ಪ್ಯಾಕೇಜ್‌ನಲ್ಲಿ ಫುಲ್‌ನವರು ಹಾಫ್‌ನವರು ಎಲ್ಲರೂ ಒಂದೇ ಹೋಟೆಲ್‌ನಲ್ಲಿದ್ದರು, ಬಸ್ಸೂ ಮೊದಲು ಮಾಹಿಮ್‌ಗೆ ಹೋಗಿ ಅವರನ್ನು ಇಳಿಸಿ ಆಮೇಲೆ ನಮ್ಮನ್ನು ಕರೆದುಕೊಂಡು ಹೋಯಿತು.

ಇನ್ನು ಬಿಬ್. ಇದನ್ನು ಓಟದ ದಿನ ಕೊಡುವುದಿಲ್ಲ. ಎಕ್ಸ್‌ಪೋಗೆ ನೀವೇ ಹೋಗಿ, ಫೋಟೊ ಇರುವ ಗುರುತಿನ ಚೀಟಿ ತೋರಿಸಿ ತಗೊಳ್ಳಬೇಕು. ಎಕ್ಸ್‌ಪೋ ನಡೆಯುವುದು ಬಿಕೆಸಿಯಲ್ಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ಓಟ ಹೊರಡುವ ಜಾಗದಿಂದ ದೂರ. ಪ್ಯಾಕೇಜ್‌ನವರು ನಮ್ಮನ್ನು ಶನಿವಾರ ಮಧ್ಯಾಹ್ನ ಕರೆದುಕೊಂಡು ಹೋದರು. ಎಲ್ಲರೂ ಬರುವುದು ಆವಾಗಲೇ. ಎಲ್ಲ ಮುಗಿಸಿ ಬಸ್ ಹತ್ತುವಷ್ಟರಲ್ಲಿ ನಾಲ್ಕು ಗಂಟೆ ಕಾಲ ಮೇಲೆ ನಿಂತಿದ್ದೆ. ಮರುದಿನ 42.195 ಕಿಲೋಮೀಟರ್ ಓಡಬೇಕಾದ ಕಾಲು ಅದು. ಎರಡನೇ ವರ್ಷ ಗುರುವಾರ ಮಧ್ಯಾಹ್ನ ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲು ಹತ್ತಿದೆವು. ಅದು ಶುಕ್ರವಾರ ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ, ಅಂದರೆ ಕುರ್ಲಾ. ಬಿಕೆಸಿ ಅಲ್ಲಿಂದ ಆಟೊದಲ್ಲಿ ಹೋಗುವಷ್ಟು ಹತ್ತಿರ. ಬೆನ್ನಿಗೊಂದು ಬ್ಯಾಗ್ ಅಷ್ಟೇ ಇತ್ತು, ತಿಂಡಿ ತಿಂದು ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು. ಅರ್ಧ ಗಂಟೆಯಲ್ಲಿ ಬಿಬ್ ಕೈಯಲ್ಲಿ. ಆಮೇಲೆ ಲೋಕಲ್ ಹಿಡಿದು ಸಿಎಸ್‌ಎಂಟಿ. ಆಟೊಗಳು ದಕ್ಷಿಣ ಮುಂಬೈಗೆ ಬರುವುದಿಲ್ಲ, ಅದು ನೆನಪಿರಲಿ. ಈಗ ಇನ್ನೂ ಸುಲಭ. 2025ರ ಅಕ್ಟೋಬರ್‌ನಿಂದ ಆಕ್ವಾ ಲೈನ್ ಮೆಟ್ರೊ ಬಿಕೆಸಿಯಿಂದ ನೇರ ಸಿಎಸ್‌ಎಂಟಿ ದಾಟಿ ಕಫ್ ಪರೇಡ್‌ವರೆಗೂ ಓಡುತ್ತಿದೆ.

ಕೋಚ್ ಬಗ್ಗೆ ಹೇಳಲೇಬೇಕು, ಕೊಟ್ಟ ಎರಡು ಸ್ಟಾರ್ ಪೂರ್ತಿ ಅವರದ್ದು. ಸೆಪ್ಟೆಂಬರ್‌ನಿಂದ ವಾರ ವಾರ ವಾಟ್ಸಾಪ್‌ನಲ್ಲಿ ಪ್ಲ್ಯಾನ್ ಕಳಿಸುತ್ತಿದ್ದರು. ವಾರಕ್ಕೆ ನಾಲ್ಕು ಓಟ, ಭಾನುವಾರ ಲಾಂಗ್ ರನ್, ಅದು ನಿಧಾನವಾಗಿ ಏರುತ್ತ 32 ಕಿಲೋಮೀಟರ್‌ವರೆಗೆ, ಕೊನೆಯ ಮೂರು ವಾರ ಟೇಪರ್, ಅಂದರೆ ಓಟ ಕಡಿಮೆ ಮಾಡುತ್ತ ಬರುವುದು. "ಕೊನೇ ಹದಿನೈದು ದಿನದಲ್ಲಿ ಏನೂ ಗಳಿಸೋಕಾಗಲ್ಲ ಸರ್, ಕಳ್ಕೊಳ್ಳೋಕೆ ಮಾತ್ರ ಆಗುತ್ತೆ" ಅನ್ನುತ್ತಿದ್ದರು. ಓಡುತ್ತಲೇ ಶಕ್ತಿಗಾಗಿ ತಿನ್ನುವ ಜೆಲ್‌ಗಳನ್ನು ಲಾಂಗ್ ರನ್‌ನಲ್ಲೇ ತಿಂದು ಹೊಟ್ಟೆಗೆ ಒಗ್ಗುತ್ತದಾ ನೋಡಿ ಅಂತ ಒತ್ತಿ ಹೇಳಿದ್ದರು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೋಗಬೇಕು, ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ, ಹಾಗಾಗಿ ನಾಲ್ಕೂವರೆ ಐದು ಗಂಟೆ ಓಡುವವರಿಗೆ ಎರಡು ಜೆಲ್ ಸಾಲುವುದಿಲ್ಲ. ಬರೀ ನೀರು ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗಬಹುದು, ಉಪ್ಪಿನಂಶವೂ ಬೇಕು. ಇದು ನನಗೆ ಮೊದಲು ಗೊತ್ತಿರಲಿಲ್ಲ. ಅವರ ಋಣ ನನ್ನ ಮೇಲಿದೆ. ಇಂಥ ಕೋಚ್ ಬೇಕಾದರೆ ಪ್ಯಾಕೇಜ್ ಇಲ್ಲದೆಯೂ ಸಿಗುತ್ತಾರೆ. ನಾನು ಎರಡನೇ ವರ್ಷ ಅವರಿಗೇ ತಿಂಗಳ ಫೀಸು ಕೊಟ್ಟು ತರಬೇತಿ ತಗೊಂಡೆ.

ಒಂದನ್ನು ಮಾತ್ರ ಆ ಪ್ಲ್ಯಾನ್‌ಗೆ ನಾನೇ ಸೇರಿಸಿದ್ದು. ಮುಂಬೈ ಸಪಾಟು ಅಂತ ಎಲ್ಲರೂ ಹೇಳುತ್ತಾರೆ. ಪೆಡರ್ ರೋಡ್ ಏರು ಬರುವವರೆಗೆ ನಾನೂ ನಂಬಿದ್ದೆ. ನಾನು ಓಡಿದ ವರ್ಷಗಳಲ್ಲಿ ಹೋಗುವಾಗ ಅದು ಗೊತ್ತೇ ಆಗುತ್ತಿರಲಿಲ್ಲ, ಕಾಲು ತಾಜಾ ಇರುತ್ತಿತ್ತು, ಕತ್ತಲು, ತಂಪು. ವಾಪಸ್ ಬರುವಾಗ 35 ಕಿಲೋಮೀಟರ್ ಆಸುಪಾಸಿನಲ್ಲಿ ಅದೇ ಏರು ಬಿಸಿಲಲ್ಲಿ ಎದುರಾಗುತ್ತಿತ್ತು. 2024ರಲ್ಲಿ ಅಲ್ಲಿ ಪೂರ್ತಿ ನಡೆದೆ, ತೊಡೆ ಹಿಡಿದುಕೊಂಡಿತ್ತು. ಮುಂದಿನ ವರ್ಷ ನಾಲ್ಕು ಲಾಂಗ್ ರನ್‌ಗಳನ್ನು ಬೇಕೆಂದೇ ಮಂಗಳೂರಿನ ಬಾವುಟಗುಡ್ಡೆ ಹತ್ತಿ ಮುಗಿಸಿದೆ. 28, 30 ಕಿಲೋಮೀಟರ್ ಆದ ಮೇಲೆ ಆ ಏರು. ಮುಂಬೈಯಲ್ಲಿ ಅದು ಕೈಹಿಡಿಯಿತು. ನಿಧಾನವಾಗಿಯಾದರೂ ನಿಲ್ಲದೆ ಹತ್ತಿದೆ. ಅಲ್ಲಿನ ಜನರೂ ಕಾರಣ. ಮನೆಮಂದಿಯೆಲ್ಲ ರಸ್ತೆಗೆ ಬಂದು ಕಿತ್ತಳೆ ತೊಳೆ, ಬಿಸ್ಕತ್ತು, ಚಿಕ್ಕಿ, ಉಪ್ಪು ಹಿಡಿದು ನಿಂತಿರುತ್ತಾರೆ. ಒಬ್ಬರು ಅಜ್ಜಿ ಗಾಲಿಕುರ್ಚಿಯಲ್ಲಿ ಕುಳಿತು ಹೋಗುವ ಪ್ರತಿಯೊಬ್ಬರಿಗೂ ಕೈಯೆತ್ತುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. 4 ಗಂಟೆ 52 ನಿಮಿಷ ಇದ್ದದ್ದು ಎರಡನೇ ವರ್ಷ 4 ಗಂಟೆ 31ಕ್ಕೆ ಇಳಿಯಿತು. ಅದರಲ್ಲಿ ನಿದ್ದೆಯ ಪಾಲೆಷ್ಟು, ಬಾವುಟಗುಡ್ಡೆಯ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲಾರೆ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಬೆಳಕು ಹರಿಯುವುದನ್ನು ನೋಡಿದ್ದಂತೂ ಆ ವರ್ಷವೇ. ಬೇರೆ ದಿನಗಳಲ್ಲಿ ಅಲ್ಲಿ ಕಾಲಿಡಲು ಬಿಡುವುದಿಲ್ಲ, ವಾಹನಗಳಿಗೆ ಮಾತ್ರ. ಐದೂವರೆ ಕಿಲೋಮೀಟರ್ ಉದ್ದದ ಸೇತುವೆ, ಎರಡೂ ಬದಿ ಸಮುದ್ರ. ಮೊದಲ ವರ್ಷವೂ ಅದೇ ಸೇತುವೆ ದಾಟಿದ್ದೆ, ಆದರೆ ಆವಾಗ ನನ್ನ ತಲೆಯಲ್ಲಿ ಟಾಯ್ಲೆಟ್ ಎಲ್ಲಿದೆ ಅನ್ನುವುದೊಂದೇ ಇತ್ತು.

ಊಟ. ಪ್ಯಾಕೇಜ್‌ನಲ್ಲಿ ಶನಿವಾರ ರಾತ್ರಿ ಬಫೆ ಇತ್ತು, ಎಂಟೂವರೆಗೆ. ಪನೀರ್ ಗ್ರೇವಿ, ನಾನ್, ಕರಿದದ್ದು. ಎರಡು ಗಂಟೆಗೆ ಏಳಬೇಕಾದವರಿಗೆ ಅದು ಊಟವೂ ಅಲ್ಲ, ಹೊತ್ತೂ ಅಲ್ಲ. ಎರಡನೇ ಸಲ ಶನಿವಾರ ಮಧ್ಯಾಹ್ನ ಲೋಕಲ್‌ನಲ್ಲಿ ಮಾಟುಂಗಾಕ್ಕೆ ಹೋಗಿ, ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿದೆವು. ಅನ್ನ, ಸಾರು, ಮೊಸರು, ಹೊಟ್ಟೆಗೆ ಗೊತ್ತಿರುವ ಊಟ. ಓಟದ ಹಿಂದಿನ ದಿನ ಬೇಕಾದದ್ದು ಅದೇ. ರಾತ್ರಿ ಏಳಕ್ಕೆ ಇಡ್ಲಿ ತಿಂದು ಮಲಗಿದೆವು. ವಡಾಪಾವ್ ಓಟ ಮುಗಿದ ಮೇಲೆ ತಿಂದೆವು, ಒಬ್ಬೊಬ್ಬರು ಮೂರು ಮೂರು.

ಖರ್ಚು ಕೇಳುತ್ತೀರಿ, ಗೊತ್ತು. ಲಾಡ್ಜ್, ಊಟ, ಓಡಾಟ ಎಲ್ಲ ಸೇರಿ ಮೂರು ದಿನಕ್ಕೆ ತಲೆಗೆ ಎಂಟು ಸಾವಿರದ ಒಳಗೆ ಮುಗಿಯಿತು. ಕೋಚ್ ಫೀಸು ಬೇರೆ.

ಪ್ಯಾಕೇಜ್ ಯಾರಿಗೂ ಬೇಡ ಅನ್ನುತ್ತಿಲ್ಲ. ಒಬ್ಬರೇ ಹೋಗುವವರು, ಮುಂಬೈ ಮೊದಲ ಸಲ ನೋಡುವವರು, ಮನೆಯವರನ್ನು ಕರೆದುಕೊಂಡು ಹೋಗುವವರು, ಇವರಿಗೆ ಜೊತೆಗೆ ಹತ್ತು ಜನ ಇರುವುದೇ ಧೈರ್ಯ. ಆ ಧಾರವಾಡದ ಹಿರಿಯರು ನನಗೆ ಈಗಲೂ ಫೋನ್ ಮಾಡುತ್ತಾರೆ, ಅದು ಪ್ಯಾಕೇಜ್‌ನಿಂದ ಸಿಕ್ಕ ಸಂಬಂಧವೇ. ಆದರೆ ದುಡ್ಡು ಕಟ್ಟುವ ಮುಂಚೆ ಕೇಳಿ. ಹೋಟೆಲ್ ಯಾವ ಏರಿಯಾದಲ್ಲಿ? ನಡೆದು ಹೋಗಬಹುದಾ? ಬಸ್ಸಾದರೆ ಎಲ್ಲಿ ಇಳಿಸುತ್ತಾರೆ, ರಸ್ತೆ ಮುಚ್ಚುವ ಸಮಯ ನೋಡಿಕೊಂಡಿದ್ದಾರಾ? ಬಿಬ್‌ಗೆ ಶುಕ್ರವಾರ ಕರೆದುಕೊಂಡು ಹೋಗುತ್ತಾರಾ? "ಸ್ಟಾರ್ ಹೋಟೆಲ್ ಸರ್" ಅಂತ ಮಾತು ತೇಲಿಸಿದರೆ ಬಿಟ್ಟುಬಿಡಿ.

ಕೊನೆಗೆ ವಾಪಸ್ ರೈಲು. ಇದನ್ನು ಯಾವ ಪ್ಯಾಕೇಜ್‌ನವರೂ ಹೇಳುವುದಿಲ್ಲ. ಈಗ ರಿಸರ್ವೇಶನ್ ತೆರೆಯುವುದು 60 ದಿನ ಮುಂಚೆ, ಮೊದಲಿನ ಹಾಗೆ 120 ಅಲ್ಲ. ಹಾಗಾಗಿ ಜನವರಿ ಓಟಕ್ಕೆ ನವೆಂಬರ್ ಮಧ್ಯದಲ್ಲಿ ಬೆಳಿಗ್ಗೆ ಎಂಟಕ್ಕೆ ಕಾದು ಕುಳಿತಿರಬೇಕು. ಮೊದಲ ವರ್ಷ ಭಾನುವಾರ ಮಧ್ಯಾಹ್ನದ ಮತ್ಸ್ಯಗಂಧಕ್ಕೇ ಟಿಕೆಟ್ ಮಾಡಿದ್ದೆ. ರಸ್ತೆಗಳು ಇನ್ನೂ ಪೂರ್ತಿ ತೆರೆದಿರಲಿಲ್ಲ, ಟ್ಯಾಕ್ಸಿ ಸಿಗಲಿಲ್ಲ. ಹಾರ್ಬರ್ ಲೈನ್ ಹಿಡಿದು ತಿಲಕ್ ನಗರದಲ್ಲಿ ಇಳಿದು ಕುಂಟುತ್ತ ಟರ್ಮಿನಸ್ ಮುಟ್ಟಿದೆ. ಭಾನುವಾರ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವುದು, ಇದ್ದರೆ ಅದೂ ಕಷ್ಟ, ಹಿಂದಿನ ದಿನವೇ ನೋಡಿಕೊಳ್ಳಿ. ಸಿಕ್ಕಿದ್ದು ಸೈಡ್ ಅಪ್ಪರ್. ತೊಡೆ ಮಡಚಲು ಬರುತ್ತಿರಲಿಲ್ಲ, ಆ ಕಬ್ಬಿಣದ ಮೆಟ್ಟಿಲು ಹತ್ತಲು ಎದುರಿನ ಇಬ್ಬರು ಹಿಡಿದು ಎತ್ತಬೇಕಾಯಿತು, ರಾತ್ರಿ ಪೂರ್ತಿ ಕಾಲು ಸೆಳೆಯುತ್ತಲೇ ಇತ್ತು. ಸೋಮವಾರ ಮಧ್ಯಾಹ್ನ ಹೊರಡುವ ಹಾಗೆ ಮಾಡಿಕೊಳ್ಳಿ, ಒಂದು ರಾತ್ರಿ ಅಲ್ಲೇ ಮಲಗಿ. ಬುಕ್ ಮಾಡುವಾಗ ಲೋವರ್ ಬರ್ತ್ ಸಿಕ್ಕರೆ ಮಾತ್ರ ಅಂತ ಒತ್ತಿ, ಸಿಗದಿದ್ದರೆ ಬೇರೆ ರೈಲು ನೋಡಿ.