ಸೈಮಾ ಸರೋವರಕ್ಕೆ ಜುಲೈಲಿ ಹೋಗೋದಾ, ಸೆಪ್ಟೆಂಬರಲ್ಲಾ, ಮಾರ್ಚಲ್ಲಾ?

ಅಪ್ಪ ಅಮ್ಮನ್ನ ಕರ್ಕೊಂಡು ಫಿನ್‌ಲೆಂಡಿಗೆ ಯಾವಾಗ ಬರೋದು ಅಂತ ಕೇಳಿದ್ರಲ್ಲ, ನೋಡಿ.

ಖರ್ಚು ಅಂದ್ರೆ ಜುಲೈ ದುಬಾರಿ, ಇಲ್ಲಿಯವರಿಗೇ ಅದು ರಜೆ ತಿಂಗಳು, ಜೊತೆಗೆ ಸರೋವರದ ಪಕ್ಕದ ಸಾವೊನ್ಲಿನ್ನಾ ಊರಲ್ಲಿ, 1475ರಲ್ಲಿ ಕಟ್ಟೋಕೆ ಶುರುಮಾಡಿದ ಕೋಟೆಯೊಳಗೆ ಒಪೆರಾ (ಹಾಡಿನ ನಾಟಕ) ಉತ್ಸವ, ರೂಮು ಬೇಗ ತುಂಬೋಗತ್ತೆ. ಸೆಪ್ಟೆಂಬರಲ್ಲಿ ಕ್ಯಾಬಿನ್ ಸಿಗೋದು ಸುಲಭ.

ವಯಸ್ಸಾದವರಿಗೆ ಜುಲೈನೇ ವಾಸಿ, ದಪ್ಪ ಬಟ್ಟೆ ಹೊರೋದು ಬೇಡ, ದೋಣಿಯಲ್ಲಿ ಕೂತ್ರೆ ಸಾಕು, ರಾತ್ರಿ ಹತ್ತಕ್ಕೂ ಬೆಳಕಿರತ್ತೆ. ಸೊಳ್ಳೆ ಮಾತ್ರ ಜಾಸ್ತಿ. ಸೆಪ್ಟೆಂಬರಲ್ಲಿ ಸೊಳ್ಳೆ ಕಾಟ ಕಮ್ಮಿ, ಕಾಡೆಲ್ಲ ಹಳದಿ ಕೆಂಪು, ಅಣಬೆ, ಕಾಡಿನ ಹಣ್ಣು ಯಾರು ಬೇಕಾದ್ರೂ ಕಿತ್ಕೋಬಹುದು, ಇಲ್ಲಿ ಅದು ಎಲ್ಲರ ಹಕ್ಕು, ಆದ್ರೆ ಗುರುತು ಗೊತ್ತಿಲ್ಲದ ಅಣಬೆ ಮುಟ್ಟಬೇಡಿ.

ಮಾರ್ಚ್ ನಂಗೆ ತುಂಬ ಇಷ್ಟ. ಜನವರಿಯ ಕತ್ತಲೆ ಹೋಗಿ ಹಗಲು ಹನ್ನೆರಡು ಗಂಟೆಗೆ ಬಂದಿರತ್ತೆ, ಹೆಪ್ಪುಗಟ್ಟಿದ ಸರೋವರದ ಮೇಲೇ ಸ್ಕೀ, ಸ್ಕೇಟಿಂಗ್, ಮಂಜುಗಡ್ಡೆ ಕೊರೆದು ಗಾಳ ಹಾಕ್ಬಹುದು, ಸಾಮಾನ್ಯವಾಗಿ ಅದಕ್ಕೆ ಲೈಸೆನ್ಸೂ ಬೇಡ. ಸೌನಾದಲ್ಲಿ (ಇಲ್ಲಿಯ ಬಿಸಿ ಹಬೆ ಕೋಣೆ) ಬೆವರಿ, ಮಂಜುಗಡ್ಡೆ ಕೊರೆದ ಗುಂಡಿಗೆ ಏಣಿ ಹಿಡ್ಕೊಂಡು ಇಳಿದು ಎದ್ದು ಬಂದ್ರೆ ಮೈಯಿಂದ ಹಬೆ ಏಳತ್ತೆ ನೋಡಿ, ಅದೊಂದು ಸಲ ಅನುಭವಿಸ್ಲೇಬೇಕು. ಹಾರ್ಟ್ ತೊಂದರೆ ಇದ್ದವರು ಬೇಡ. ಜಲಸಂಧಿಗಳ ಹತ್ರ ಮಂಜುಗಡ್ಡೆ ತೆಳ್ಳಗಿರತ್ತೆ, ಊರವರನ್ನ ಕೇಳದೆ ಕಾಲಿಡ್ಬೇಡಿ.

ಸೈಮಾದಲ್ಲಿ ಮಾತ್ರ ಇರೋ ಒಂದು ಜಾತಿ ಸೀಲ್ ಪ್ರಾಣಿ ನೋಡ್ಬೇಕು ಅಂದ್ರೆ ಈ ಮೂರೂ ಅಲ್ಲ, ಮೇ ತಿಂಗಳು, ಆಗ ಕೂದಲು ಉದುರಿಸ್ಕೊಂಡು ಬಂಡೆ ಮೇಲೆ ಮಲಗಿರ್ತಾವೆ.