ಮಗಳ ಪರೀಕ್ಷಾ ವರದಿ: ಮೂರನೆಯ ಪುಟಕ್ಕಾಗಿ ಮೂರು ನಕ್ಷತ್ರ
ಮಗಳ ಪ್ರೌಢಶಾಲೆಗೆ ಪ್ರಮಾಣೀಕೃತ ಪರೀಕ್ಷೆ ನಡೆಸಿಕೊಡುವ ಸಂಸ್ಥೆಯ ಫಲಿತಾಂಶ ವರದಿಯನ್ನು ಎರಡು ವರ್ಷಗಳಿಂದ ನೋಡುತ್ತಿದ್ದೇನೆ. ಮೊದಲ ಸಲ ಗಣಿತದ ಎದುರು ‘ಪರ್ಸೆಂಟೈಲ್ 62’ ಎಂದಿದ್ದದ್ದನ್ನು ನೂರಕ್ಕೆ ಅರವತ್ತೆರಡು ಅಂಕ ಎಂದೇ ತಿಳಿದು ಅವಳನ್ನು ಗದರಿಸಿಬಿಟ್ಟೆ. ಅದು ಅಂಕವಲ್ಲ, ಹೋಲಿಕೆಗೆ ತೆಗೆದುಕೊಂಡ ಮಕ್ಕಳಲ್ಲಿ ಶೇ 62ರಷ್ಟು ಮಂದಿಗಿಂತ ಅವಳು ಮುಂದಿದ್ದಾಳೆ ಎಂದು ಅರ್ಥ. ಈ ಒಂದು ಸಾಲನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿದ್ದರೆ ಆ ರಾತ್ರಿ ಮಗು ಅಳುತ್ತಾ ಮಲಗುತ್ತಿರಲಿಲ್ಲ. ಅದು ಇದ್ದದ್ದು ಕೊನೆಯ ಪುಟದ ಅಡಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ.

ಮೂರನೆಯ ಪುಟ ಮಾತ್ರ ಬಂಗಾರ. ಪ್ರತಿ ಪ್ರಶ್ನೆಗೂ ಅವಳು ಆರಿಸಿದ ಉತ್ತರ, ಸರಿಯುತ್ತರ ಅಕ್ಕಪಕ್ಕದಲ್ಲಿವೆ. ಭಿನ್ನರಾಶಿಯ ನಾಲ್ಕೂ ಪ್ರಶ್ನೆಗಳಲ್ಲಿ ಒಂದೇ ತಪ್ಪು: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಳು. 1/2ಕ್ಕೆ 1/3 ಸೇರಿಸಿದರೆ 2/5 ಅಂತೆ! “ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇನಮ್ಮಾ?” ಎಂದು ಕೇಳಿದೆ. ಪೆನ್ಸಿಲ್ ಹಿಡಿದು ಕೊಂಚ ಹೊತ್ತು ಸುಮ್ಮನಿದ್ದವಳು ತಾನೇ ಹೊಡೆದುಹಾಕಿ 5/6 ಎಂದು ಬರೆದಳು. ತರಗತಿಯ ಅಂಕಪಟ್ಟಿ ಇಷ್ಟನ್ನು ನನಗೆ ಎಂದೂ ತೋರಿಸಿರಲಿಲ್ಲ.

ವರದಿ ಕೈಸೇರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಶಾಲೆಯಲ್ಲಿ ಆ ಪಾಠವೇ ಮುಗಿದುಹೋಗಿತ್ತು.