ರಿವೀಲ್ ಜೆಎಸ್ + ಗಿಟ್‌ಹಬ್ ಪೇಜಸ್: ಟಾಕ್ ಮುಗಿದ ಮೇಲೆ ಸ್ಲೈಡು, ಡೆಮೊ ಹಂಚಲು ಎಷ್ಟು ಬಾಳಿಕೆ ಬರುತ್ತದೆ?

ಸ್ಲೈಡು ಹಂಚಲು ಈ ಜೋಡಿಗೆ ಐದಕ್ಕೆ ನಾಲ್ಕೂವರೆ, ಡೆಮೊ ಹಂಚಲು ಬರೀ ಮೂರು. ಒಂದೆರಡು ಟಾಕ್‌ಗೆ ಬಳಸಿದವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆಯ ಲಿಂಕುಗಳನ್ನು ಎರಡು ಮೂರು ವರ್ಷದ ನಂತರ ಒತ್ತಿ ನೋಡಿದರೆ ಗೊತ್ತಾಗುತ್ತದೆ: ಸ್ಲೈಡು ತೆರೆದುಕೊಳ್ಳುತ್ತದೆ, ಡೆಮೊ ಓಡುವುದಿಲ್ಲ.

ರಿವೀಲ್ ಜೆಎಸ್ 2011ರಲ್ಲಿ ಹಕೀಮ್ ಎಲ್ ಹತ್ತಾಬ್ ಶುರು ಮಾಡಿದ ಎಚ್‌ಟಿಎಂಎಲ್ ಸ್ಲೈಡ್ ಲೈಬ್ರರಿ. ಗಿಟ್‌ಹಬ್ ಪೇಜಸ್ ರೆಪೊದೊಳಗಿನ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಕಣಜ) ಕಡತಗಳನ್ನು ಹಾಗ್ಹಾಗೇ ವೆಬ್‌ಸೈಟಾಗಿ ಬಡಿಸುವ ಸೇವೆ. ಇವೆರಡನ್ನು ಸೇರಿಸಿದಾಗ ಸಿಗುವ ದೊಡ್ಡ ಅನುಕೂಲವೆಂದರೆ, ವೇದಿಕೆಯ ಮೇಲೆ ತೋರಿಸಿದ್ದೂ ಆಮೇಲೆ ಹಂಚಿದ್ದೂ ಒಂದೇ ಕಡತ. ಬೇರೆಯವರ ಸ್ಲೈಡ್ ಸೈಟಿಗೆ ಪಿಡಿಎಫ್ ಏರಿಸಿ ಸುಮ್ಮನಾಗುವುದು ಸುಲಭ, ನಿಜ. ಆದರೆ ಸ್ಲೈಡ್‌ಶೇರ್ 2006ರಲ್ಲಿ ಹುಟ್ಟಿ, 2012ರಲ್ಲಿ ಲಿಂಕ್ಡ್‌ಇನ್ ಪಾಲಾಗಿ, 2020ರಲ್ಲಿ ಸ್ಕ್ರಿಬ್ಡ್ ಕೈಗೆ ಹೋಯಿತು. ಗೂಗಲ್‌ನ ಲಿಂಕ್ ಕಿರಿದಾಗಿಸುವ ಸೇವೆ 2019ರಲ್ಲಿ ಹೊಸ ಲಿಂಕು ಕೊಡುವುದನ್ನೇ ನಿಲ್ಲಿಸಿತು. ಸ್ಲೈಡಿನ ಕೊನೆಯಲ್ಲಿ ಹಾಕುವ ವಿಳಾಸ ನಮ್ಮ ಹಿಡಿತದಲ್ಲಿದ್ದರೆ ಮಾತ್ರ ಇಂಥ ಬದಲಾವಣೆಗಳ ಬಿಸಿ ತಟ್ಟುವುದಿಲ್ಲ.

ಆ ಹಿಡಿತ ತಾನಾಗಿ ಬರುವುದಿಲ್ಲ. ಗಿಟ್‌ಹಬ್‌ನಲ್ಲಿ ರೆಪೊದ ಹೆಸರು ಬದಲಿಸಿದರೆ ರೆಪೊದ ಹಳೆಯ ವಿಳಾಸ ಹೊಸದಕ್ಕೆ ತಿರುಗುತ್ತದೆ. ಪೇಜಸ್ ವಿಳಾಸ ಮಾತ್ರ ತಿರುಗುವುದಿಲ್ಲ, ನೇರ 404, ಅಂದರೆ ‘ಪುಟ ಸಿಗಲಿಲ್ಲ’. ಬಹಳ ಜನ ಎಡವುವುದು ಇಲ್ಲೇ. ಟಾಕ್‌ಗೊಂದು ರೆಪೊ ಮಾಡುವ ಬದಲು ಒಂದೇ ರೆಪೊ, ಅದರೊಳಗೆ ವರ್ಷ ಮತ್ತು ವಿಷಯದ ಹೆಸರಿನ ಫೋಲ್ಡರುಗಳು, ಮುಂದೆ ಸ್ವಂತ ಡೊಮೈನು: ಈ ಜೋಡಣೆ ತಡೆದುಕೊಳ್ಳುತ್ತದೆ. ನಾಳೆ ಪೇಜಸ್ ಬಿಟ್ಟು ಬೇರೆಡೆ ಹೋದರೂ ಡೊಮೈನನ್ನು ಅತ್ತ ತಿರುಗಿಸಿದರೆ ಸಾಕು.

ವಿಳಾಸ ಚಿಕ್ಕದಾಗಿರುವುದರಿಂದ ಇನ್ನೊಂದು ಲಾಭ ಕ್ಯೂಆರ್ ಕೋಡಿನಲ್ಲಿ. ಮಧ್ಯಮ ದೋಷ ತಿದ್ದುಪಡಿ ಮಟ್ಟದಲ್ಲಿ 26 ಅಕ್ಷರದವರೆಗಿನ ವಿಳಾಸ 25 × 25 ಚೌಕದ ಕೋಡಿನಲ್ಲಿ ಕೂರುತ್ತದೆ; 42 ದಾಟಿದರೆ 33 × 33 ಬೇಕು. ಅಷ್ಟೇ ಜಾಗದಲ್ಲಿ ಚೌಕಗಳು ಸಣ್ಣಗಾಗುತ್ತವೆ, ಹಿಂದಿನ ಸಾಲಿನವರ ಫೋನು ತಡಕಾಡುತ್ತದೆ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚು ಇರಲೇಬೇಕು. ಕಪ್ಪು ಥೀಮಿನ ಮೇಲೆ ಅಂಚಿಲ್ಲದೆ ಅಂಟಿಸಿದ ಕೋಡು ಸ್ಕ್ಯಾನ್ ಆಗದಿದ್ದರೆ ಆಶ್ಚರ್ಯವಿಲ್ಲ. ಕೋಡಿನೊಳಗೆ ನೇರ ವಿಳಾಸವನ್ನೇ ಇಡಿ. ನಡುವೆ ಇನ್ನೊಬ್ಬರ ಲಿಂಕು ಸೇರಿಸಿಕೊಡುವ ಉಚಿತ ಕ್ಯೂಆರ್ ಸೈಟುಗಳು ಅವಧಿ ಮುಗಿದ ಮೇಲೆ ಕೈಕೊಡುತ್ತವೆ.

ಸ್ಲೈಡಿನ ಲಿಂಕಿನದೂ ಒಂದು ಸೂಕ್ಷ್ಮವಿದೆ. ಸೆಟ್ಟಿಂಗಿನಲ್ಲಿ ಹ್ಯಾಶ್ ಆನ್ ಮಾಡಿದರೆ ಪ್ರತಿ ಸ್ಲೈಡಿಗೂ ಬೇರೆ ಬೇರೆ ವಿಳಾಸ ಸಿಗುತ್ತದೆ, ಆದರೆ ಅದು ಅಂಕಿಯ ವಿಳಾಸ. ಟಾಕ್ ಮುಗಿದ ಮೇಲೆ ಪ್ರಶ್ನೋತ್ತರದ ಒಂದು ಸ್ಲೈಡನ್ನು ನಡುವೆ ತುರುಕಿದರೆ, 14ನೆಯದೆಂದು ಯಾರೋ ಕಳಿಸಿದ ಲಿಂಕು ಹಿಂದಿನ ಸ್ಲೈಡನ್ನು ತೆರೆಯುತ್ತದೆ. ಮುಖ್ಯ ಸ್ಲೈಡುಗಳ ಸೆಕ್ಷನ್ ಟ್ಯಾಗಿಗೆ ಐಡಿ ಕೊಟ್ಟುಬಿಟ್ಟರೆ ಲಿಂಕು ಹೆಸರಿಗೆ ಅಂಟಿಕೊಳ್ಳುತ್ತದೆ.

ಲೈಬ್ರರಿಯನ್ನು ಸಿಡಿಎನ್‌ನಿಂದ (ಕಡತ ಹಂಚುವ ಹೊರಗಿನ ಸರ್ವರ್ ಜಾಲ) ಎಳೆಯುವ ಆಸೆ ಬೇಡ. 2020ರಲ್ಲಿ ಬಂದ 4ನೇ ಆವೃತ್ತಿಯಲ್ಲಿ ಕಡತಗಳೆಲ್ಲ ಡಿಸ್ಟ್ ಎಂಬ ಫೋಲ್ಡರಿಗೆ ಹೋದವು, ಪ್ಲಗಿನ್ ಸೇರಿಸುವ ರೀತಿಯೂ ಬದಲಾಯಿತು. ಆವೃತ್ತಿಯ ಜಾಗದಲ್ಲಿ ‘ಲೇಟೆಸ್ಟ್’ ಎಂದು ಬರೆದುಕೊಂಡ ಡೆಕ್ಕು (ಸ್ಲೈಡುಗಳ ಕಟ್ಟು) ಅಂಥ ದಿನ ಬಿಳಿ ಪುಟವಾಗುತ್ತದೆ. ಲೈಬ್ರರಿ, ಪ್ಲಗಿನ್, ಫಾಂಟು ಎಲ್ಲವನ್ನೂ ಟಾಕ್‌ನ ಫೋಲ್ಡರಿನೊಳಗೇ ಇಟ್ಟರೆ ಕೆಲವು ಮೆಗಾಬೈಟ್ ಜಾಸ್ತಿಯಾಗುತ್ತದೆ, ಅಷ್ಟೇ. ಹಾಲ್‌ನ ವೈಫೈ ಸತ್ತಾಗಲೂ ಅದೇ ಕಾಪಾಡುತ್ತದೆ.

ಲ್ಯಾಪ್‌ಟಾಪಿನಲ್ಲಿ ಸರಿಯಿದ್ದು ಪೇಜಸ್‌ನಲ್ಲಿ ಕೆಡುವುದಕ್ಕೆ ಸಾಮಾನ್ಯವಾಗಿ ಮೂರೇ ಕಾರಣ. ಚಿತ್ರದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿರುವುದು (ವಿಂಡೋಸ್, ಮ್ಯಾಕ್ ಅದನ್ನು ಮನ್ನಿಸುತ್ತವೆ, ಪೇಜಸ್ ಮನ್ನಿಸುವುದಿಲ್ಲ). ಓರೆಗೆರೆಯಿಂದ ಶುರುವಾಗುವ ದಾರಿ ಬರೆದಿರುವುದು, ಏಕೆಂದರೆ ಸ್ವಂತ ಡೊಮೈನು ಇಲ್ಲದಿದ್ದರೆ ಸೈಟು ರೆಪೊ ಹೆಸರಿನ ಉಪಫೋಲ್ಡರಿನಲ್ಲಿ ಇರುತ್ತದೆ. ಅಂಡರ್‌ಸ್ಕೋರಿನಿಂದ ಶುರುವಾಗುವ ಫೋಲ್ಡರನ್ನು ಜೆಕಿಲ್ (ಪೇಜಸ್ ಒಳಗೆ ಸೈಟು ಕಟ್ಟುವ ಉಪಕರಣ) ನುಂಗಿರುವುದು. ಮೂರನೆಯದಕ್ಕೆ ಚುಕ್ಕೆಯಿಂದ ಶುರುವಾಗುವ ‘ನೋಜೆಕಿಲ್’ ಎಂಬ ಖಾಲಿ ಕಡತ ಮೂಲ ಫೋಲ್ಡರಿನಲ್ಲಿಟ್ಟರೆ ಮುಗಿಯಿತು. ತಿದ್ದಿ ಪುಶ್ ಮಾಡಿದ (ಗಿಟ್‌ಹಬ್‌ಗೆ ಏರಿಸಿದ) ಮೇಲೂ ಹಳೆಯದೇ ಕಂಡರೆ ಗಾಬರಿ ಬೀಳಬೇಡಿ, ಬ್ರೌಸರು 10 ನಿಮಿಷ ಹಳೆಯ ಪ್ರತಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಫೋನಿನಲ್ಲಿ ಓದುವವರಿಗೆ 5ನೇ ಆವೃತ್ತಿಯ ಸ್ಕ್ರಾಲ್ ನೋಟ ಒಳ್ಳೆಯ ಸೇರ್ಪಡೆ: ಪರದೆ 435 ಪಿಕ್ಸೆಲ್‌ಗಿಂತ ಕಿರಿದಾದರೆ ಸ್ಲೈಡುಗಳು ಒಂದರ ಕೆಳಗೊಂದು ಬರುತ್ತವೆ.

ಎಚ್‌ಟಿಎಂಎಲ್ ಇದೆಯಲ್ಲ ಎಂದು ಪಿಡಿಎಫ್ ಬಿಡುವವರಿದ್ದಾರೆ. ಬಿಡಬೇಡಿ, ಆಯೋಜಕರು ಕೇಳುವುದೂ ಅದನ್ನೇ, ಹತ್ತು ವರ್ಷದ ನಂತರ ತೆರೆಯುವುದೂ ಅದೇ. ಡೆಕ್ಕಿನ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಪ್ರಿಂಟ್-ಪಿಡಿಎಫ್’ ಸೇರಿಸಿ ಕ್ರೋಮ್‌ನಲ್ಲಿ ತೆರೆಯಿರಿ, ಪ್ರಿಂಟ್ ಕೊಡಿ, ಪುಟ ಅಡ್ಡ, ಮಾರ್ಜಿನ್ ಬೇಡ, ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್ ಬೇಕು. ಕೊನೆಯದನ್ನು ಮರೆತರೆ ಹಿನ್ನೆಲೆಯ ಬಣ್ಣವೂ ಚಿತ್ರವೂ ಉದುರಿಹೋಗುತ್ತವೆ. ಇನ್ನೊಂದು ಕಿರಿಕಿರಿ: ಒಂದೊಂದೇ ಸಾಲು ಮೂಡುವಂತೆ ಮಾಡಿದ ಸ್ಲೈಡು ಮೂಲ ಸೆಟ್ಟಿಂಗಿನಲ್ಲಿ ಪ್ರತಿ ಹಂತಕ್ಕೂ ಒಂದು ಪುಟ ತಿನ್ನುತ್ತದೆ. ಐದು ಹಂತದಲ್ಲಿ ಸಾಲು ಬೆಳಗುವ ಕೋಡ್ ಸ್ಲೈಡು ಒಂದೇ ಐದು ಪುಟ. 40 ಸ್ಲೈಡಿನ ಡೆಕ್ಕು ಹೀಗೇ ನೂರು ದಾಟುತ್ತದೆ. ‘ಪಿಡಿಎಫ್ ಸೆಪರೇಟ್ ಫ್ರಾಗ್ಮೆಂಟ್ಸ್’ ಎಂಬುದನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ. ಪದೇಪದೇ ಮಾಡುವವರಿಗೆ ಡೆಕ್‌ಟೇಪ್ ಎಂಬ ಕಮಾಂಡ್ ಲೈನ್ ಉಪಕರಣವಿದೆ. ವಿಡಿಯೊ, ಐಫ್ರೇಮ್ (ಸ್ಲೈಡಿನೊಳಗೆ ಕೂರಿಸಿದ ಬೇರೆ ಪುಟ) ಇದ್ದ ಜಾಗ ಮಾತ್ರ ಪಿಡಿಎಫ್‌ನಲ್ಲಿ ಬೆಪ್ಪಾಗಿ ಕೂರುತ್ತದೆ; ಅಲ್ಲಿ ಒಂದು ಸ್ಕ್ರೀನ್‌ಶಾಟೂ ಲಿಂಕೂ ಹಾಕಿ.

ಈಗ ನಿಜವಾದ ಅಪಾಯ. ವೇದಿಕೆಯಲ್ಲಿ ಎಸ್ ಕೀಲಿ ಒತ್ತಿದರೆ ಬೇರೆ ಕಿಟಕಿಯಲ್ಲಿ ಕಾಣುವ ಸ್ಪೀಕರ್ ನೋಟ್ಸ್ ಎಲ್ಲಿವೆ ಗೊತ್ತಲ್ಲ? ಅದೇ ಎಚ್‌ಟಿಎಂಎಲ್‌ನ ಒಳಗೆ, ಅಸೈಡ್ ಟ್ಯಾಗಿನಲ್ಲಿ. ಪರದೆಯ ಮೇಲೆ ಕಾಣದಿದ್ದರೂ ಪುಟದ ಮೂಲ ತೆರೆದವರಿಗೆ ಎಲ್ಲವೂ ಕಾಣುತ್ತದೆ. ‘ಇಲ್ಲಿ ಗ್ರಾಹಕರ ಹೆಸರು ಹೇಳಬಾರದು: ಇಂಥವರು’ ಎಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದರೆ ಹೆಸರು ಹೇಳಿದಂತೆಯೇ. ಮಾರ್ಕ್‌ಡೌನ್‌ನಲ್ಲಿ ಬರೆದರೆ ಆ ಮೂಲ ಕಡತವೂ ಪೇಜಸ್ ಮೂಲಕ ತೆರೆದುಕೊಳ್ಳುತ್ತದೆ. ಪ್ರಕಟಣೆಗೆ ಮುನ್ನ ನೋಟ್ಸ್ ಕಿತ್ತುಹಾಕುವ ಪುಟ್ಟ ಸ್ಕ್ರಿಪ್ಟ್ ಬರೆದು, ಫಲಿತಾಂಶವನ್ನು ಮಾತ್ರ ಬೇರೆ ರೆಪೊಗೆ ಪುಶ್ ಮಾಡುವುದು ಕ್ಷೇಮ. ಅದೇ ರೆಪೊದಲ್ಲಿ ಅಳಿಸಿದರೆ ಇತಿಹಾಸದಲ್ಲಿ ಉಳಿದಿರುತ್ತದೆ. ಎಪಿಐ ಕೀಗೂ (ಹೊರಗಿನ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ಇದೇ ಮಾತು: ಒಮ್ಮೆ ಪುಶ್ ಆದ ಕೀ ಸೋರಿದ ಹಾಗೇ ಲೆಕ್ಕ, ಇತಿಹಾಸ ತೊಳೆಯುತ್ತ ಕೂರುವ ಮೊದಲು ಅದನ್ನು ರದ್ದು ಮಾಡಿ ಹೊಸದು ಪಡೆಯಿರಿ. ಪಿಡಿಎಫ್‌ನಲ್ಲಿ ಅಕ್ಷರದ ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಅಳಿಯುವುದಿಲ್ಲ, ಆಯ್ದು ಕಾಪಿ ಮಾಡಿದರೆ ಬರುತ್ತದೆ. ಪವರ್‌ಪಾಯಿಂಟಿನಿಂದ ಬಂದ ಚಿತ್ರಗಳಲ್ಲೂ ಕತ್ತರಿಸಿದ ಭಾಗ ಒಳಗೇ ಅಡಗಿ ಕೂತಿರಬಹುದು. ಕತ್ತರಿಸಿದ ಭಾಗ ಅಳಿಸುವ ಆಯ್ಕೆ ಬೇರೆಯೇ ಇದೆ.

ಡೆಮೊ ವಿಷಯಕ್ಕೆ ಬಂದರೆ ಪೇಜಸ್‌ನ ಮಿತಿ ಬೇಗ ಎದುರಾಗುತ್ತದೆ. ಸರ್ವರ್ ಇಲ್ಲ, ಡೇಟಾಬೇಸ್ ಇಲ್ಲ. 100 ಎಂಬಿಗಿಂತ ದೊಡ್ಡ ಕಡತವನ್ನು ಗಿಟ್‌ಹಬ್ ಪುಶ್ ಮಾಡಲು ಬಿಡುವುದಿಲ್ಲ, 50 ದಾಟಿದರೆ ಎಚ್ಚರಿಸುತ್ತದೆ. ಪೇಜಸ್ ಸೈಟು ಒಟ್ಟು 1 ಜಿಬಿ ಮೀರಬಾರದು. ದೊಡ್ಡ ಕಡತಗಳನ್ನು ಬೇರೆಡೆ ಇಡುವ ಗಿಟ್ ಎಲ್‌ಎಫ್‌ಎಸ್‌ನಲ್ಲಿಟ್ಟ ವಿಡಿಯೊ ಪೇಜಸ್‌ನಲ್ಲಿ ಓಡುವುದಿಲ್ಲ. ದೊಡ್ಡ ಕಡತಕ್ಕೆ ರಿಲೀಸ್ ಪುಟವೇ ಜಾಗ, ಅಲ್ಲಿ ಕಡತವೊಂದಕ್ಕೆ 2 ಜಿಬಿವರೆಗೆ ಅವಕಾಶ. ಬ್ರೌಸರಿನಲ್ಲೇ ಓಡುವ ಡೆಮೊಗೂ ಎರಡು ತೊಡಕುಗಳಿವೆ. ಪೇಜಸ್‌ನಲ್ಲಿ ನಮ್ಮ ಎಚ್‌ಟಿಟಿಪಿ ಹೆಡರ್ (ಪುಟದ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಸೂಚನೆ) ಹಾಕುವಂತಿಲ್ಲ, ಹಾಗಾಗಿ ಆ ಹೆಡರ್ ಇದ್ದರೆ ಮಾತ್ರ ಸಿಗುವ ಶೇರ್ಡ್ ಅರೇ ಬಫರ್ (ಹಂಚಿಕೊಂಡ ಮೆಮೊರಿ) ಬೇಡುವ ವೆಬ್‌ಅಸೆಂಬ್ಲಿ ಡೆಮೊ ಲ್ಯಾಪ್‌ಟಾಪಿನಲ್ಲಿ ಓಡಿ ಇಲ್ಲಿ ಸುಮ್ಮನಾಗುತ್ತದೆ. ಸರ್ವಿಸ್ ವರ್ಕರ್ (ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಮೂಲಕ ಹೆಡರ್ ಸೇರಿಸುವ ಅಡ್ಡದಾರಿಯಿದೆ, ಆದರೆ ಮೊದಲ ಸಲ ಪುಟ ತಾನೇ ಮರುಲೋಡ್ ಆಗುತ್ತದೆ. ಇನ್ನೊಂದು, ಒಂದೇ ಖಾತೆಯ ಎಲ್ಲ ಪ್ರಾಜೆಕ್ಟ್ ಸೈಟುಗಳಿಗೂ ಸಾಮಾನ್ಯವಾಗಿ ಒರಿಜಿನ್ ಒಂದೇ, ಅಂದರೆ ಬ್ರೌಸರಿನ ಕಣ್ಣಿಗೆ ಅವೆಲ್ಲ ಒಂದೇ ಸೈಟು. ಎರಡು ಡೆಮೊಗಳು ಲೋಕಲ್ ಸ್ಟೋರೇಜಿನಲ್ಲಿ (ಬ್ರೌಸರಿನೊಳಗಿನ ಸಂಗ್ರಹ) ‘ಸ್ಟೇಟ್’ ಎಂಬ ಒಂದೇ ಹೆಸರಿನಲ್ಲಿ ಬರೆದರೆ ಒಂದರ ಕಸ ಇನ್ನೊಂದಕ್ಕೆ. ಹೆಸರಿನ ಮುಂದೆ ಟಾಕ್‌ನ ಗುರುತು ಸೇರಿಸಿ.

ಪೇಜಸ್‌ನಲ್ಲಿ ಓಡದ ಡೆಮೊವನ್ನು ಕೋಡಾಗಿ ಕೊಡಬೇಕು, ಅದು ಬೇಗ ಹಳಸುತ್ತದೆ. ಕಾರಣ ನಾವು ಬರೆದ ಕೋಡಲ್ಲ, ಅದು ನಿಂತಿರುವ ನೆಲ, ಅಂದರೆ ಹೊರಗಿನ ಲೈಬ್ರರಿಗಳು. ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್ ಕಡತವನ್ನು ಕಮಿಟ್ ಮಾಡಿ, ಓದುಗರಿಗೆ ಕೊಡುವ ಸೂಚನೆಯಲ್ಲಿ (ಜಾವಾಸ್ಕ್ರಿಪ್ಟ್ ಡೆಮೊ ಆದರೆ) ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬರೆಯಿರಿ. ಮೊದಲಿನದು ಲಾಕ್ ಕಡತವನ್ನು ತಿದ್ದಬಹುದು, ಎರಡನೆಯದು ಅದರಲ್ಲಿದ್ದುದನ್ನೇ ಹಾಕುತ್ತದೆ, ಹೊಂದದಿದ್ದರೆ ತಪ್ಪು ಹೇಳಿ ನಿಲ್ಲುತ್ತದೆ. ಡಾಕರ್ ಇಮೇಜನ್ನು (ಡೆಮೊ ಓಡಲು ಬೇಕಾದ್ದೆಲ್ಲ ಸೇರಿಸಿದ ಕಟ್ಟು) ಟ್ಯಾಗಿನಿಂದಲ್ಲ, ಅದರ ಒಳಗಿನಿಂದಲೇ ಲೆಕ್ಕಹಾಕಿದ ಗುರುತಾದ ಡೈಜೆಸ್ಟ್‌ನಿಂದ ಹೆಸರಿಸಿ, ಟ್ಯಾಗು ನಾಳೆ ಬೇರೆ ಇಮೇಜಿಗೆ ಅಂಟಬಹುದು. ಟಾಕ್ ಕೊಟ್ಟ ದಿನದ ಸ್ಥಿತಿಗೆ ಗಿಟ್ ಟ್ಯಾಗ್ ಹಾಕಿ. ಡೆಮೊ ಹಂತಹಂತವಾಗಿದ್ದರೆ ಪ್ರತಿ ಹಂತಕ್ಕೂ ಒಂದು ಟ್ಯಾಗ್ ಇರಲಿ, ಮೂರನೇ ಹಂತದಲ್ಲಿ ಸಿಕ್ಕಿಕೊಂಡವರು ನಾಲ್ಕಕ್ಕೆ ಹಾರಲಿ. ಹೊರಗಿನ ಎಪಿಐ ಕರೆಯುವ ಡೆಮೊ ಆದರೆ ಉತ್ತರಗಳನ್ನು ಜೆಸನ್ ಕಡತದಲ್ಲಿ ಉಳಿಸಿ, ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಆಫ್‌ಲೈನಿಗೆ ತಿರುಗುವಂತೆ ಬರೆಯಿರಿ. ವೇದಿಕೆಯ ಮೇಲೆ ನೆಟ್ ಹೋದಾಗಲೂ, ಆ ಎಪಿಐ ಮುಂದೆ ಮುಚ್ಚಿದಾಗಲೂ ಅದೇ ಉಪಯೋಗಕ್ಕೆ ಬರುವುದು.

ಇಷ್ಟೆಲ್ಲ ಮಾಡಿದರೂ ಓಡದ ದಿನ ಬರುತ್ತದೆ. ಆ ದಿನಕ್ಕಾಗಿ ರೆಕಾರ್ಡಿಂಗ್. ಟರ್ಮಿನಲ್ ಡೆಮೊಗೆ ಆಸ್ಕಿನೆಮಾ ಎಂಬ ರೆಕಾರ್ಡರಿಗಿಂತ ಒಳ್ಳೆಯದು ಕಾಣೆ: ಅದು ಚಿತ್ರವನ್ನಲ್ಲ, ಪರದೆಗೆ ಬಿದ್ದ ಅಕ್ಷರವನ್ನೂ ಬಿದ್ದ ಹೊತ್ತನ್ನೂ ಸಾಲುಸಾಲಾಗಿ ಬರೆಯುತ್ತದೆ. ಕಡತ ಚಿಕ್ಕದು, ನೋಡುಗರು ನಿಲ್ಲಿಸಿ ಕಮಾಂಡನ್ನು ಕಾಪಿ ಮಾಡಿಕೊಳ್ಳಬಹುದು, ಪ್ಲೇಯರನ್ನು ಸ್ಲೈಡಿನೊಳಗೇ ಕೂರಿಸಬಹುದು. ಸುಮ್ಮನಿರುವ ಹೊತ್ತಿಗೆ 2 ಸೆಕೆಂಡಿನ ಮಿತಿ ಹಾಕಿದರೆ ಬಿಲ್ಡ್ ಆಗುವವರೆಗೆ ಆಕಳಿಸಬೇಕಿಲ್ಲ. ಟೋಕನ್ ಪರದೆಗೆ ಬಿದ್ದಿದ್ದರೆ ಅದೂ ಅಕ್ಷರವಾಗಿಯೇ ಉಳಿಯುತ್ತದೆ, ಆದರೆ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಅಳಿಸಬಹುದು. ವಿಡಿಯೊದಲ್ಲಿ ಆ ಸೌಲಭ್ಯ ಇಲ್ಲ. ಕಿಟಕಿ, ಮೌಸು ಇರುವ ಡೆಮೊಗೆ ಎಂಪಿ4. ಜಿಫ್‌ಗೆ 256 ಬಣ್ಣ ಮಾತ್ರ, ಗಾತ್ರವೂ ಭಾರಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಉಪಕರಣದಲ್ಲಿ ಫಾಸ್ಟ್‌ಸ್ಟಾರ್ಟ್ ಆಯ್ಕೆ ಹಾಕಿದರೆ ವಿಡಿಯೊದ ಸೂಚಿ ಕಡತದ ಮುಂಭಾಗಕ್ಕೆ ಬರುತ್ತದೆ, ಪೂರ್ತಿ ಇಳಿಯುವ ಮುನ್ನವೇ ಓಡತೊಡಗುತ್ತದೆ.

ಪರವಾನಗಿಯನ್ನೂ ಎರಡಾಗಿ ಬರೆಯಿರಿ: ಸ್ಲೈಡಿಗೆ ಸಿಸಿ ಬಿವೈ 4.0, ಕೋಡಿಗೆ ಎಂಐಟಿ ಥರದ್ದು. ಸಿಸಿ ಪರವಾನಗಿಯನ್ನು ಸಾಫ್ಟ್‌ವೇರಿಗೆ ಹಚ್ಚಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್ ತಾನೇ ಹೇಳುತ್ತದೆ. ಉಲ್ಲೇಖಕ್ಕೆ ಸ್ಥಿರ ವಿಳಾಸ ಬೇಕಾದ ಟಾಕ್ ಆದರೆ ಸರ್ನ್ ನಡೆಸುವ ಜೆನೊಡೊಗೆ ಗಿಟ್‌ಹಬ್ ರೆಪೊ ಜೋಡಿಸಿ. ಪ್ರತಿ ರಿಲೀಸಿಗೂ ಡಿಒಐ (ಬದಲಾಗದ ಗುರುತು ಸಂಖ್ಯೆ) ಸಿಗುತ್ತದೆ.

ಎಚ್‌ಟಿಎಂಎಲ್ ಮುಟ್ಟಲು ಮನಸ್ಸಿಲ್ಲದವರಿಗೆ, ಚಿತ್ರ ಎಳೆದು ಕೂರಿಸುತ್ತ ಸ್ಲೈಡು ಮಾಡುವವರಿಗೆ ಈ ಜೋಡಿ ಹಿಂಸೆ. ಅವರು ಮಾಮೂಲಿ ಉಪಕರಣದಲ್ಲೇ ಸ್ಲೈಡು ಮಾಡಿ, ಪಿಡಿಎಫ್ ಮತ್ತು ರೆಕಾರ್ಡಿಂಗನ್ನು ಪೇಜಸ್‌ನ ಒಂದು ಫೋಲ್ಡರಿನಲ್ಲಿಟ್ಟರೆ ಮುಕ್ಕಾಲು ಲಾಭ ಸಿಕ್ಕೇ ಸಿಗುತ್ತದೆ. ಡೆಮೊ ಸತ್ತಿದೆ ಎಂದು ಗೊತ್ತಾದ ದಿನ ರೀಡ್‌ಮಿಯ ಮೊದಲ ಸಾಲಿನಲ್ಲೇ ಅದನ್ನು ಬರೆದು, ಕೊನೆಯದಾಗಿ ಓಡಿದ ಆವೃತ್ತಿಯ ಅಂಕಿ ಮತ್ತು ರೆಕಾರ್ಡಿಂಗಿನ ಲಿಂಕು ಕೊಟ್ಟು, ಡೆಮೊ ರೆಪೊವನ್ನು ಆರ್ಕೈವ್ ಮಾಡಿಬಿಡಿ. ಓದಲು ಮಾತ್ರ ಎಂಬ ಪಟ್ಟಿ ಕಂಡ ಮೇಲೆ ಯಾರೂ ಇಶ್ಯೂ ತೆರೆದು ಕಾಯುತ್ತ ಕೂರುವುದಿಲ್ಲ.